ಬಲಗೈಗೆ ಬಂದ ಗಡಿಯಾರ

ಗಾಜಿನ ಗೋಡೆಯ ಮೇಲೆ ಏನನ್ನೂ ತೂಗುಹಾಕುವಂತಿಲ್ಲ ಎಂದು ಆ ವೈದ್ಯೆಗೆ ಮತ್ತೆ ಮತ್ತೆ ತಾಕೀತು ಮಾಡಿದ್ದವರೇ, ಅವರು ತೀರಿಕೊಂಡ ಮೇಲೆ ಅದೇ ಗಾಜಿಗೆ ಅವರ ಭಾವಚಿತ್ರವನ್ನು ತೂಗುಹಾಕಿದ್ದಾರೆ. ಚಿತ್ರಕ್ಕೆ ಗಂಧದ ಹಾರವಿದೆ. ಕೆಳಗೆ ‘ನಮ್ಮ ಸಂಸ್ಥೆಯ ಕಣ್ಣು’ ಎಂದು ಬರೆಸಿದ್ದಾರೆ. ಕಳೆದ ವಾರ ಕೋಲಾರದ ಆ ಆಸ್ಪತ್ರೆಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಗೆ ಹೋಗಿದ್ದ ನಾನು ಆ ಸಾಲಿನೆದುರು ನಿಂತೆ. ಕೈಮುಗಿಯಲು ಆಗಲಿಲ್ಲ. ಮಧ್ಯಾಹ್ನದ ಬಿಸಿಲು ಆಗಲೇ ಪೋರ್ಟಿಕೊದ ಕಂಬಗಳನ್ನು ದಾಟಿ ಗಾಜಿನತ್ತ ಬರುತ್ತಿತ್ತು. ಆ ಬಿಸಿಲನ್ನು ಕಂಡರೆ ನನಗೆ ಈಗಲೂ ಭಯ. ಆ ಭಯವನ್ನು ನನಗೆ ಕಲಿಸಿದವರು ಅವರೇ.

ಅವರು ಎಕ್ಸ್‌ರೇ, ಸ್ಕ್ಯಾನುಗಳನ್ನು ಓದಿ ವರದಿ ಬರೆಯುವ ವೈದ್ಯೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಆ ಸಂಸ್ಥೆಯ ಚಿಕ್ಕ ಆಸ್ಪತ್ರೆಗಳಿವೆ. ಅಲ್ಲಿ ತೆಗೆದ ಚಿತ್ರಗಳೆಲ್ಲ ಕೋಲಾರದ ಒಂದು ಕೋಣೆಯ ಕಂಪ್ಯೂಟರಿಗೆ ಬಂದು ಬೀಳುತ್ತವೆ. ಅಲ್ಲಿ ಕೂತವರು ನೋಡಿ ಹೇಳಿದ್ದನ್ನು ನಂಬಿ ಆ ಊರುಗಳ ವೈದ್ಯರು ಸೂಜಿ ಹಿಡಿಯುತ್ತಾರೆ. ರೋಗಿಗೆ ಆ ಕೋಣೆಯಾಗಲಿ, ಅಲ್ಲಿ ಕೂತವರ ಮುಖವಾಗಲಿ ಗೊತ್ತಿರುವುದಿಲ್ಲ. ಗೊತ್ತಾಗಬೇಕಾದ ಪ್ರಸಂಗ ಬಂದರೆ ಅದು ಒಳ್ಳೆಯ ಪ್ರಸಂಗವಾಗಿರುವುದಿಲ್ಲ.

ನಾನು ಆಗ ವಿಶ್ವವಿದ್ಯಾಲಯದಲ್ಲಿ ಕೈಗಾರಿಕಾ ವಿನ್ಯಾಸ ಓದುತ್ತಿದ್ದೆ. ಕೂತು ದುಡಿಯುವವರ ಕಣ್ಣು, ಕತ್ತು, ಬೆನ್ನು, ಮಣಿಕಟ್ಟುಗಳಿಗೆ ತಕ್ಕಂತೆ ಅವರ ಮೇಜು, ಕುರ್ಚಿ, ಪರದೆ, ಬೆಳಕುಗಳನ್ನು ರೂಪಿಸುವುದು ನಾನು ಆರಿಸಿಕೊಂಡ ವಿಷಯ. ಮುಳಬಾಗಿಲಿನವಳಾದ್ದರಿಂದ ಪ್ರಾಜೆಕ್ಟಿಗೆ ಹತ್ತಿರದ ಜಾಗ ಬೇಕಿತ್ತು. ಚಿತ್ರ ಓದುವ ಆ ಕೋಣೆಯನ್ನು ಅಧ್ಯಯನ ಮಾಡಲು ಸಂಸ್ಥೆ ಒಪ್ಪಿತು. ನಾನು ಅಳತೆಪಟ್ಟಿ ಹಿಡಿದು ಒಳಗೆ ಕಾಲಿಟ್ಟಾಗ ಅವರು ಪರದೆಯಲ್ಲಿ ನನ್ನ ಬಿಂಬ ಕಂಡು, ಅದರಿಂದ ಕಣ್ಣು ತೆಗೆಯದೆಯೇ ಕೇಳಿದರು:

“ಏನೇ ಅದು, ಟೇಪು? ಬ್ಲೌಸ್ ಹೊಲಿಯೋಳಾ?”

“ಇಲ್ಲ ಮೇಡಮ್. ನಿಮ್ಮ ಮೊಣಕೈ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ನೋಡ್ಬೇಕಿತ್ತು.”

“ನೋಡ್ಕೊ. ಮೊಣಕೈ ಇರೋ ಕಡೆ ಕಟ್ಟೆ ಇಲ್ಲ. ಕಟ್ಟೆ ಇರೋ ಕಡೆ ಮೊಣಕೈ ಇಲ್ಲ. ಅಳತೆ ಮುಗೀತು, ಕೂತ್ಕೊಂಡು ಕಾಫಿ ಕುಡಿ.”

ಅಂದಿನಿಂದ ನಾನು ಅವರಿಗೆ ಟೈಲರಮ್ಮ.

ಅವರ ತಮಾಷೆಯಲ್ಲಿ ನನ್ನ ಅಧ್ಯಯನದ ಅರ್ಧ ಸಾರ ಇತ್ತು. ಅಲ್ಲಿದ್ದದ್ದು ಮೇಜಲ್ಲ, ಗೋಡೆಯಿಂದ ಗೋಡೆಗೆ ಹಾಸಿ ಗಾರೆ ಹಾಕಿದ ಗ್ರಾನೈಟ್ ಕಟ್ಟೆ. ನಿಂತು ಚೀಟಿ ಬರೆಯುವ ಗುಮಾಸ್ತರಿಗೆ ಒಗ್ಗುವಷ್ಟು ಎತ್ತರ. ಆ ಎತ್ತರಕ್ಕೆ ಏರಿಸಿದ ಕುರ್ಚಿಯಲ್ಲಿ ಕೂತರೆ ಅವರ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಹಾಗಾಗಿ ಶ್ರೀನಿವಾಸಪುರದ ಮಂಡಿಯಿಂದ ಯಾರೋ ತಂದುಕೊಟ್ಟ ಮಾವಿನಹಣ್ಣಿನ ಮರದ ಪೆಟ್ಟಿಗೆಯೊಂದನ್ನು ಕಾಲಡಿಗೆ ಇಟ್ಟುಕೊಂಡಿದ್ದರು. ಕಲ್ಲಿನ ಅಂಚನ್ನು ಯಾರೂ ದುಂಡಗೆ ಮಾಡಿರಲಿಲ್ಲ. ಮೌಸ್ ಹಿಡಿದ ಅವರ ಬಲ ಮಣಿಕಟ್ಟು ಇಡೀ ದಿನ ಆ ಅಂಚಿನ ಮೇಲೆ ಒರಗಿರುತ್ತಿತ್ತು. ಯಂತ್ರಗಳಿಗೆಂದು ಇಟ್ಟ ಎಸಿ ಅವರ ಕತ್ತಿನ ಮೇಲೆ ಬೀಸುತ್ತಿತ್ತು. ಶಾಲನ್ನು ಕತ್ತಿಗೆ ಸುತ್ತಿಕೊಂಡು, ತಲೆಯನ್ನು ಮುಂದಕ್ಕೆ ಚಾಚಿ ಕೂರುತ್ತಿದ್ದ ಅವರನ್ನು ಹಿಂದಿನಿಂದ ನೋಡಿದರೆ ಬಾವಿಯೊಳಗೆ ಇಣುಕಿ ಏನನ್ನೋ ಹುಡುಕುವವರಂತೆ ಕಾಣುತ್ತಿದ್ದರು.

ಆದರೆ ಭಯ ಇದ್ದದ್ದು ಅವರ ಬೆನ್ನ ಹಿಂದೆ. ಆ ಕೋಣೆಯ ಪಶ್ಚಿಮದ ಗೋಡೆ ಪೂರ್ತಿ ಗಾಜಿನದು. ಆಸ್ಪತ್ರೆಗೆ ಬಂದ ಜನ ಪೋರ್ಟಿಕೊದಲ್ಲಿ ನಿಂತು ಒಳಗಿನ ಪರದೆಗಳನ್ನು, ಪರದೆಯ ಮೇಲಿನ ಎಲುಬು ಶ್ವಾಸಕೋಶಗಳನ್ನು ಕಂಡು ಬೆರಗಾಗಲಿ ಎಂದೇ ಹಾಗೆ ಕಟ್ಟಿಸಿದ್ದರು. ಪರದೆಗಳು ಬೀದಿಗೆ ಕಾಣಲೆಂದೇ ಕಟ್ಟೆಯನ್ನು ಎದುರು ಗೋಡೆಗೆ ಅಂಟಿಸಿದ್ದರು. ಒಬ್ಬ ಮನುಷ್ಯನ ಎದೆಯೊಳಗನ್ನು ದಾರಿಹೋಕರಿಗೆ ತೋರಿಸುವ ಹಕ್ಕನ್ನು ಇವರಿಗೆ ಕೊಟ್ಟವರು ಯಾರು? ಆ ಪ್ರಶ್ನೆಯನ್ನು ನಾನು ಆಗಲೇ ಕೇಳಿದ್ದೆ. ಉತ್ತರ ಬರುವ ಮೊದಲು ಬಿಸಿಲು ಬರುತ್ತಿತ್ತು. ಊಟದ ಹೊತ್ತು ಕಳೆದ ಮೇಲೆ ಸೂರ್ಯ ಪೋರ್ಟಿಕೊದ ತಾರಸಿಯಿಂದ ಕೆಳಗಿಳಿದು, ಗಾಜಿನ ಮೂಲಕ ನುಗ್ಗಿ, ಪರದೆಯ ಬಲಭಾಗದಲ್ಲಿ ಬಿಳಿಯ ಹಾಳೆಯೊಂದನ್ನು ಅಂಟಿಸಿದಂತೆ ನಿಲ್ಲುತ್ತಿದ್ದ. ಹೊತ್ತು ಮುಳುಗುವವರೆಗೂ ಆ ಭಾಗ ಕುರುಡು.

ಎದೆಯ ಎಕ್ಸ್‌ರೇಯನ್ನು ರೋಗಿ ನಮ್ಮೆದುರು ನಿಂತಂತೆ ಇಟ್ಟು ನೋಡುತ್ತಾರೆ. ಎಂದರೆ ಪರದೆಯ ಬಲಭಾಗದಲ್ಲಿರುವುದು ರೋಗಿಯ ಎಡ ಶ್ವಾಸಕೋಶ. ಕೋಲಾರದ ಆ ಕೋಣೆಯಲ್ಲಿ ಮಧ್ಯಾಹ್ನದ ಮೇಲೆ ಯಾವ ರೋಗಿಗೂ ಎಡ ಶ್ವಾಸಕೋಶ ಇರುತ್ತಿರಲಿಲ್ಲ.

ಅದಕ್ಕೆ ಅವರೊಂದು ದಾರಿ ಕಂಡುಕೊಂಡಿದ್ದರು. ಅಲ್ಲಿಯ ತಂತ್ರಾಂಶದಲ್ಲಿ ಚಿತ್ರವನ್ನು ಪಕ್ಕಕ್ಕೆ ಸರಿಸಲು ಬರುತ್ತಿರಲಿಲ್ಲ, ತಿರುವಲು ಬರುತ್ತಿತ್ತು. ಮೊದಲು ಚಿತ್ರವನ್ನು ನೇರಕ್ಕಿಟ್ಟು, ಕಾಣುವ ಅರ್ಧವನ್ನು ಓದುವುದು. ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರವನ್ನು ಕನ್ನಡಿಯ ಬಿಂಬದ ಹಾಗೆ ಎಡಬಲ ತಿರುವುವುದು. ಆಗ ಬಿಸಿಲಲ್ಲಿ ಮುಳುಗಿದ್ದ ಅರ್ಧ ಈಚೆಗೆ ಬರುತ್ತದೆ, ಅದನ್ನು ಓದುವುದು. ಹೀಗೆ ತಿರುವುವ ಮುನ್ನ ಪ್ರತಿ ಸಲವೂ ಅವರು ತಮ್ಮ ಎಡಗೈಯ ಗಡಿಯಾರವನ್ನು ಬಿಚ್ಚಿ ಬಲಗೈಗೆ ಕಟ್ಟಿಕೊಳ್ಳುತ್ತಿದ್ದರು. ಚಿತ್ರವನ್ನು ನೇರಕ್ಕೆ ತಂದಾಗ ಮತ್ತೆ ಎಡಗೈಗೆ. ಅದು ಹಳೆಯ ಕಾಲದ ಹೆಂಗಸರ ಚಿಕ್ಕ ಗಡಿಯಾರ, ಚರ್ಮದ ಪಟ್ಟಿಯದು. ಪಟ್ಟಿಯ ತೂತುಗಳು ಹಿಗ್ಗಿ ಉದ್ದುದ್ದ ಆಗಿದ್ದವು.

“ಎಡಗೈಲಿದ್ರೆ ನೇರ, ಬಲಗೈಲಿದ್ರೆ ಉಲ್ಟಾ,” ಎಂದು ನನಗೆ ವಿವರಿಸಿದರು. “ವರದಿ ಬರೆಯೋಕೆ ಮುಂಚೆ ಕೈ ನೋಡ್ಕೋಬೇಕು. ಅಷ್ಟೇ.”

“ಗಡಿಯಾರ ಬದಲಾಯಿಸೋದು ಮರೆತರೆ?”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೆಳಗಿನ ಆ ತಮಾಷೆಯ ಮುಖ ಅದಾಗಿರಲಿಲ್ಲ. “ಆ ಮಾತು ಈ ಕೋಣೇಲಿ ಆಡ್ಬೇಡ ಕಣೇ,” ಎಂದರು.

ನಿಜಕ್ಕೂ ಅವರು ಇಬ್ಬರಾಗಿದ್ದರು. ಬೆಳಗಿನವರು ಮಾತುಗಾರ್ತಿ, ಮಾಲೂರಿನ ತಂತ್ರಜ್ಞನಿಗೆ ಫೋನಿನಲ್ಲೇ, “ಏನ್ಲಾ, ರೋಗಿ ಉಸಿರು ಹಿಡ್ಕೊಂಡ್ನೋ, ನೀನು ಹಿಡ್ಕೊಂಡ್ಯೋ? ಚಿತ್ರ ಅಳ್ಳಾಡ್ಬಿಟ್ಟಿದೆ,” ಎಂದು ಕಾಲೆಳೆಯುವವರು. ಮಧ್ಯಾಹ್ನದವರು ಮಾತೇ ಆಡುತ್ತಿರಲಿಲ್ಲ. ಬಿಸಿಲು ಗಾಜನ್ನು ಮುಟ್ಟುವ ಹೊತ್ತಿಗೆ ತುಟಿ ಒಣಗಿಸಿಕೊಂಡು, ನೀರಿನ ಲೋಟವನ್ನು ದೂರ ಸರಿಸಿ, ರೆಪ್ಪೆ ಬಡಿಯುವುದನ್ನೂ ಬಿಟ್ಟು ಕೂರುತ್ತಿದ್ದರು. ಕಣ್ಣಿನಲ್ಲಿ ನೀರು ತುಂಬಿ ಕೆನ್ನೆಗಿಳಿದರೂ ಒರೆಸುತ್ತಿರಲಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಬೆಚ್ಚಿಬೀಳುತ್ತಿದ್ದರು.

“ಚಿತ್ರ ಸುಳ್ಳು ಹೇಳಲ್ಲ ಕಣೇ ಟೈಲರಮ್ಮ,” ಎಂದಿದ್ದರು ಒಮ್ಮೆ. “ಅದರ ಮುಂದೆ ಕೂತಿರೋಳು ಹೇಳ್ತಾಳೆ. ತನಗೇ ಗೊತ್ತಾಗ್ದಂಗೆ.”

ಪರದೆಬಟ್ಟೆ ಯಾಕೆ ಹಾಕಲಿಲ್ಲ ಎಂದು ಓದುಗರು ಕೇಳಬಹುದು. ಹಾಕಿದ್ದರು. ಮನೆಯಿಂದ ಕಪ್ಪು ಬಟ್ಟೆ ತಂದು, ತಾವೇ ಕುರ್ಚಿ ಹತ್ತಿ, ಗಾಜಿಗೆ ಟೇಪು ಹಚ್ಚಿ ಅಂಟಿಸಿದ್ದರು. ಮಾರನೆಯ ಬೆಳಿಗ್ಗೆಗೆ ಅದು ಇರಲಿಲ್ಲ. ಮತ್ತೆ ಹಾಕಿದರು, ಮತ್ತೆ ಮಾಯವಾಯಿತು. ಮೂರನೆಯ ಸಲ ವ್ಯವಸ್ಥಾಪಕರೇ ಬಂದರು. ಗಡಿಯ ಆಚೆಯ ಊರಿನವರು. ನಯವಾಗಿ ನಗುತ್ತ, ಕನ್ನಡಕ್ಕೆ ತೆಲುಗು ಬೆರೆಸಿ ಮಾತಾಡುವವರು.

“ಊರಿಕೆ, ಸುಮ್ನೆ ಯಾಕ್ ಟೆನ್ಶನ್ ಮಾಡ್ಕೊಂತೀರ ಮೇಡಮ್? ಅಷ್ಟು ಖರ್ಚು ಮಾಡಿ ಗ್ಲಾಸ್ ಹಾಕ್ಸಿರೋದು ಜನ ನೋಡ್ಲಿ ಅಂತ. ಕಪ್ಪು ಬಟ್ಟೆ ಕಟ್ಟಿದ್ರೆ ಸಾವಾದ ಮನೆ ಇದ್ದಂಗಿರತ್ತೆ.”

“ಸಾವು ಆಗ್ದೇ ಇರ್ಲಿ ಅಂತಾನೇ ಕಟ್ಟಿದ್ದು ಸಾರ್.”

“ಅಪಶಕುನ ಆಡ್ಬೇಡಿ. ಬಿಸಿಲು ಅಂದ್ರೆ ವಿಟಮಿನ್ ಅಂತ ನೀವೇ ಹೇಳ್ತೀರಲ್ಲ.”

ವ್ಯವಸ್ಥಾಪಕರು ಬಟ್ಟೆಯನ್ನು ಕಿತ್ತು ಮಡಚಿ, ಅವರ ಕೈಗೆ ಕೊಟ್ಟು ಹೋದರು. ನಾನು ಎದ್ದು ಹಿಂದೆಯೇ ನಡೆದೆ. ಈ ಕೋಣೆಗೆ ಬೇಕಿರುವುದು ಮಂದ ಬೆಳಕು, ಏರಿಸಿ ಇಳಿಸಬಹುದಾದ ಮೇಜು, ಪರದೆಯ ಹಿಂದೆ ಮುಂದೆ ಹೊಳಪಿಲ್ಲದ ಗೋಡೆ ಎಂದು ಕಾರಿಡಾರಿನಲ್ಲೇ ನಿಲ್ಲಿಸಿ ಹೇಳಿದೆ. “ಸ್ಟೂಡೆಂಟ್ ಅಲ್ವಾಮ್ಮಾ ನೀನು,” ಎಂದರು, ಅದೇ ನಗುವಿನಲ್ಲಿ. ವಿದ್ಯಾರ್ಥಿಯ ಮಾತಿಗೆ ಕಿವಿಗೊಡಬೇಕಿಲ್ಲ. ವೈದ್ಯೆಯ ಮಾತು ಅಪಶಕುನ. ಹಾಗಾದರೆ ಆ ಕಟ್ಟಡದಲ್ಲಿ ಯಾರ ಮಾತು ಮಾತು?

ಆ ವೈದ್ಯೆಯದು ಮುಳಬಾಗಿಲಿನ ಹಳೆಯ ಮನೆತನ. ಅಜ್ಜ ಪೂಜೆಗೆ ಹೋಗುತ್ತಿದ್ದವರು, ತಂದೆ ಲೆಕ್ಕಪತ್ರ ನೋಡುತ್ತಿದ್ದವರು. ಸಂಕಷ್ಟಿಯಂದು ಕುರುಡುಮಲೆಗೆ ಹೋಗುವ ರೂಢಿ ಇತ್ತು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಆ ದೊಡ್ಡ ಗಣಪತಿಯ ಎದುರು ಎಲ್ಲರೂ ಮಂಗಳಾರತಿ ತೆಗೆದುಕೊಳ್ಳುತ್ತಿದ್ದಾಗ ಅವರು ಮಾತ್ರ ಕಣ್ಣು ಮುಚ್ಚದೆ, ಬೆವರುತ್ತ, ಮೂರ್ತಿಯನ್ನೇ ನೋಡುತ್ತ ನಿಂತರು. ಹೊರಗೆ ಬಂದು ಜಗಲಿಯ ಮೇಲೆ ಕೂತ ಮೇಲೆ ಹೇಳಿದರು:

“ಹುಟ್ಟಿದಾಗ್ಲಿಂದ ನೋಡಿರೋ ಗಣಪತಿ ಕಣೇ. ಇವತ್ತು ನಿಂತ್ಕೊಂಡು, ಸೊಂಡಿಲು ಇರೋದು ನನ್ನ ಎಡಕ್ಕೋ ಅವನ ಎಡಕ್ಕೋ ಅಂತ ಯೋಚ್ನೆ ಶುರುವಾಗೋಯ್ತು. ಕೈ ನೋಡ್ಕೊಂಡೆ. ಗಡಿಯಾರ ಎಡಗೈಲಿತ್ತು. ಆದ್ರೂ ನಂಬಿಕೆ ಬರ್ಲಿಲ್ಲ.”

ನಗಬೇಕೆಂದು ನಾನು ನಕ್ಕೆ. ಅವರು ನಗಲಿಲ್ಲ. ಆ ಕೋಣೆಯ ಬಿಸಿಲು ಅವರ ಜತೆ ಗುಡಿಯ ಒಳಗೂ ಬಂದಿತ್ತು.

ಆ ವರ್ಷದ ಮಾವಿನ ಕೊಯ್ಲಿನ ಕಾಲದಲ್ಲಿ ಅವರ ಬಲ ಮಣಿಕಟ್ಟು ಊದಿಕೊಂಡಿತು. ಕಲ್ಲಿನ ಅಂಚು ಒತ್ತಿ ಒತ್ತಿ ಚರ್ಮ ಕೆಂಪಗೆ ಬಿಗಿದಿತ್ತು; ಬೆರಳುಗಳಿಗೆ ಜೋಮು. ಗಡಿಯಾರದ ಪಟ್ಟಿ ಆ ಕೈಗೆ ಸುತ್ತುತ್ತಿರಲಿಲ್ಲ. ಆ ಮಧ್ಯಾಹ್ನ ನಾನು ಕೋಣೆಯ ಮೂಲೆಯಲ್ಲಿ ಬೆಳಕಿನ ಮಾಪಕ ಹಿಡಿದು ಕೂತಿದ್ದೆ. ಅವರು ಎಡಗೈಯಿಂದ ಗಡಿಯಾರ ಬಿಚ್ಚಿದ್ದನ್ನು, ಬಲಗೈಗೆ ಕಟ್ಟಲು ನೋಡಿ, ನೋವಿಗೆ ಹಲ್ಲು ಕಚ್ಚಿ, ಅದನ್ನು ಕಟ್ಟೆಯ ಮೇಲೆ ಇಟ್ಟಿದ್ದನ್ನು ಕಂಡೆ. ಶ್ರೀನಿವಾಸಪುರದಿಂದ ತುರ್ತು ಎಂದು ಒಂದು ಎದೆಯ ಚಿತ್ರ ಬಂದಿತ್ತು. ಮಾವಿನ ಮರದಿಂದ ಬಿದ್ದ ಒಬ್ಬ ಕೂಲಿಯಾಳು. ಪಕ್ಕೆಲುಬು ಮುರಿದು, ಒಂದು ಬದಿಯ ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡು, ಉಸಿರು ಕಟ್ಟುತ್ತಿತ್ತು. ಯಾವ ಬದಿ ಎಂದು ಗೊತ್ತಾದರೆ ಪಕ್ಕೆಗೆ ಕೊಳವೆ ಹಾಕಿ ಗಾಳಿ ಹೊರಗೆ ಬಿಡಬೇಕು. ಅವರು ನೋಡಿದರು, ತಿರುವಿದರು, ನೋಡಿದರು, ಬರೆದು ಕಳಿಸಿದರು. ಬಲಗಡೆ.

ಮುಂದಿನ ಚಿತ್ರ ತೆರೆಯುವ ಮುನ್ನ ರೂಢಿಯಂತೆ ಕೈ ನೋಡಿಕೊಂಡರು. ಎರಡೂ ಕೈ ಬರಿದಾಗಿದ್ದವು.

ಗಡಿಯಾರ ಕಟ್ಟೆಯ ಮೇಲಿತ್ತು. ಅವರು ಅದನ್ನೇ ನೋಡಿದರು. ಯಾವ ಕೈಯಿಂದ ಬಿಚ್ಚಿ ಇಟ್ಟೆ ಎಂದು ನೆನಪು ಮಾಡಿಕೊಳ್ಳಲು ನೋಡಿದ ಆ ಮುಖವನ್ನು ನಾನು ಮರೆಯಲಾರೆ. ರಕ್ತ ಇಳಿದುಹೋದ ಮುಖ ಎನ್ನುವುದನ್ನು ಅದುವರೆಗೆ ಓದಿದ್ದೆನೇ ಹೊರತು ಕಂಡಿರಲಿಲ್ಲ. ಅವರು ಹಿಂದಿನ ಚಿತ್ರವನ್ನು ಮತ್ತೆ ತೆರೆದರು. ಅದು ತಿರುವಿದಂತೆಯೇ ಇದ್ದದ್ದು ಇನ್ನೊಮ್ಮೆ ತಿರುವಿ ನೋಡಿದಾಗ ಗೊತ್ತಾಯಿತು. ತಂತ್ರಜ್ಞರು ರೋಗಿಯ ಬಲಬದಿಗೆ ಇಡುವ ಸೀಸದ ಗುರುತು ತಿರುವಿದ ಚಿತ್ರದಲ್ಲಿ ಬಿಸಿಲಿನೊಳಕ್ಕೆ ಹೋಗಿ ಅಳಿಸಿಹೋಗಿತ್ತು. ಎಡಕ್ಕೆ ವಾಲಿರಬೇಕಾದ ಹೃದಯವಾದರೂ ಎಚ್ಚರಿಸಬಹುದಿತ್ತು. ಆದರೆ ಎಡಬದಿಯಲ್ಲಿ ತುಂಬಿದ ಗಾಳಿ ಅದನ್ನು ಬಲಕ್ಕೆ ತಳ್ಳಿತ್ತು. ತಿರುವಿದ ಚಿತ್ರದಲ್ಲಿ ಅದು ಇರಬೇಕಾದ ಕಡೆಯಲ್ಲೇ ಇರುವಂತೆ ಕಾಣುತ್ತಿತ್ತು. ಆ ಕೋಣೆಯಲ್ಲಿ ಅಂದು ಹೃದಯವೂ ಸುಳ್ಳು ಹೇಳಿತ್ತು.

ಫೋನ್ ಹಿಡಿಯಲು ಬೆರಳು ಬಗ್ಗಲಿಲ್ಲ. ನಾನೇ ಒತ್ತಿ ಅವರ ಕಿವಿಗೆ ಹಿಡಿದೆ. ಶ್ರೀನಿವಾಸಪುರದ ವೈದ್ಯರು ಎತ್ತಲಿಲ್ಲ. ತಂತ್ರಜ್ಞನಿಗೆ ಮಾಡಿದೆ.

“ಹೇಳಿ ಮೇಡಮ್. ರಿಪೋರ್ಟ್ ಬಂತು.”

“ಆ ಮರದಿಂದ ಬಿದ್ದೋರು ಎಲ್ಲಿ?”

“ಇಲ್ಲೇ ಅವ್ರೆ ಮೇಡಮ್, ಮಲಗ್ಸಿದೀವಿ. ಡಾಕ್ಟ್ರು ಗ್ಲೌಸ್ ಹಾಕ್ಕೊಂತಾವ್ರೆ.”

“ಯಾವ ಕಡೆ?”

“ನೀವೇ ಹೇಳಿದ್ರಲ್ಲ ಮೇಡಮ್, ಬಲಗಡೆ.”

“ಅಲ್ಲ. ನಿಲ್ಸು ಅನ್ನು. ಎಡಗಡೆ. ಹೋಗಿ ಹೇಳು, ಎಡಗಡೆ ಅಂತ.”

ಆಚೆ ಚಪ್ಪಲಿಯ ಸದ್ದು, ಬಾಗಿಲು, ಯಾರದೋ ಕೂಗು. ಆಮೇಲೆ ಏನೂ ಕೇಳಿಸಲಿಲ್ಲ. ಚೆನ್ನಾಗಿರುವ ಬದಿಗೆ ತೂತು ಕೊರೆದರೆ ಆ ಮನುಷ್ಯನಿಗೆ ಉಳಿದಿದ್ದ ಒಂದು ಶ್ವಾಸಕೋಶವೂ ಕುಸಿಯುತ್ತದೆ. ಇದು ನಮ್ಮಿಬ್ಬರಿಗೂ ಗೊತ್ತಿತ್ತು. ಗಾಜಿನ ಆಚೆ ಒಂದು ಸಂಸಾರ ನಿಂತು ಒಳಗಿನ ಪರದೆಯತ್ತ ಬೊಟ್ಟುಮಾಡಿ ಏನನ್ನೋ ಮೆಚ್ಚಿಕೊಳ್ಳುತ್ತಿತ್ತು. ಅವರು ಫೋನಿಗೆ ಕಿವಿ ಒತ್ತಿ, ಎದುರಿನ ಗೋಡೆಯನ್ನು ನೋಡುತ್ತ, ತಾವೂ ಉಸಿರು ಹಿಡಿದಿದ್ದರು.

“ಮೇಡಮ್, ಇದೀರಾ?” ಎಂದಿತು ಕೊನೆಗೆ ಆ ದನಿ. “ಚುಚ್ಚಿರ್ಲಿಲ್ಲ. ಎಡಕ್ಕೇ ಹಾಕಿದ್ರು. ಉಸಿರಾಡ್ತಾವ್ರೆ.”

ಅವರು ಫೋನಿನಿಂದ ಕಿವಿ ತೆಗೆದರು. ಕಟ್ಟೆಯ ಮೇಲಿದ್ದ ಗಡಿಯಾರ ತೆಗೆದುಕೊಂಡು, ಊದಿದ ಬಲ ಮಣಿಕಟ್ಟಿಗೆ ಪಟ್ಟಿ ಸುತ್ತಿ, ನಾನು ಬೇಡವೆಂದರೂ ಕೇಳದೆ, ಕೊನೆಯ ತೂತಿಗೆ ಎಳೆದು ಬಿಗಿದರು. ಮಾಂಸ ಪಟ್ಟಿಯ ಎರಡೂ ಕಡೆ ಉಬ್ಬಿ ನಿಂತಿತು. ಹಾಗೆಯೇ ಉಳಿದ ಚಿತ್ರಗಳನ್ನು ಓದಿದರು.

ನಡೆದದ್ದನ್ನು ಆಡಳಿತಕ್ಕೆ ತಿಳಿಸಿದವರೂ ಅವರೇ. ಬೇಕಿದ್ದರೆ ಯಾರಿಗೂ ಗೊತ್ತಾಗದಂತೆ ಮುಚ್ಚಬಹುದಿತ್ತು. ಆಡಳಿತದವರು ಸಭೆ ಕರೆದು ‘ಮಾನವ ದೋಷ’ ಎಂದರು. ನಾನೂ ಆ ಸಭೆಯ ಹಿಂದಿನ ಕುರ್ಚಿಯಲ್ಲಿದ್ದೆ. ಮಾನವ ದೋಷವೆಂಬುದನ್ನು ನಾನು ಒಪ್ಪುತ್ತೇನೆ. ಯಾವ ಮಾನವರದು ಎಂಬುದಷ್ಟೇ ನನ್ನ ಪ್ರಶ್ನೆ. ಕಟ್ಟೆಗೆ ಗಾರೆ ಹಾಕಿಸಿದವರು ಮಾನವರಲ್ಲವೇ? ಕಪ್ಪು ಬಟ್ಟೆಯನ್ನು ಮೂರು ಸಲ ಕೀಳಿಸಿದ ಕೈಗಳು ಯಾವ ಪ್ರಾಣಿಯವು? ಗುಂಡಿ ಒತ್ತಿದ ಬೆರಳನ್ನು ಮಾತ್ರ ಹಿಡಿದು, ಆ ಬೆರಳನ್ನು ಜೋಮುಹಿಡಿಸಿದ ಕಲ್ಲನ್ನು ಬಿಟ್ಟುಬಿಡುವ ನ್ಯಾಯ ನನಗೆ ಅರ್ಥವಾಗುವುದಿಲ್ಲ. ಅವರು ಮಾತ್ರ ಎದ್ದು ನಿಂತು, ಕಲ್ಲಿಗಿಂತ ಗಟ್ಟಿಯಾದ ದನಿಯಲ್ಲಿ, “ಒತ್ತಿದ್ದು ನಾನು. ಅದು ನಂದು. ನನ್ನ ಬೆನ್ನ ಹಿಂದೆ ಸೂರ್ಯನ್ನ ತಂದು ಕೂರಿಸಿದ್ದು ಯಾರು ಅಂತ ಅವರೂ ಎದ್ದು ಹೇಳ್ಲಿ,” ಎಂದರು. ಯಾರೂ ಏಳಲಿಲ್ಲ. ಆ ತಿಂಗಳ ಕೊನೆಗೆ ಅವರು ಕೆಲಸ ಬಿಟ್ಟರು.

ಆಮೇಲೆ ಮುಳಬಾಗಿಲಿನ ಅವರ ಮನೆಗೆ ಆಗಾಗ ಹೋಗುತ್ತಿದ್ದೆ. ಆ ಕೂಲಿಯಾಳು ಚೆನ್ನಾಗಿದ್ದಾನೆ, ಮತ್ತೆ ಮರ ಹತ್ತುತ್ತಿದ್ದಾನೆ ಎಂದು ಯಾರಿಂದಲೋ ಕೇಳಿ ಬಂದು ಅವರಿಗೆ ಹೇಳಿದೆ. ಸಮಾಧಾನವಾದೀತು ಎಂದುಕೊಂಡಿದ್ದೆ. ಅವರು ಹುರುಳಿಕಾಯಿ ನಾರು ತೆಗೆಯುತ್ತಿದ್ದವರು ಕೈ ನಿಲ್ಲಿಸಿದರು.

“ಅವನದು ಗೊತ್ತಾಯ್ತು ಕಣೇ. ಗೊತ್ತಾಗ್ದೇ ಹೋದವರು?”

ಅವರು ಹೋದ ತಿಂಗಳು ಮಲಗಿದಲ್ಲೇ ತೀರಿಕೊಂಡರು. ದರ್ಶನಕ್ಕೆ ಹೋದಾಗ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಗಡಿಯಾರವನ್ನು ಯಾರೋ ಬಿಚ್ಚಿಟ್ಟಿದ್ದರು. ಬಲ ಮಣಿಕಟ್ಟಿನಲ್ಲಿ ಪಟ್ಟಿಯ ಗೀರು ಹಾಗೆಯೇ ಇತ್ತು.

ಶ್ರದ್ಧಾಂಜಲಿಯ ಭಾಷಣಗಳು ಮುಗಿದ ಮೇಲೆ ನಾನು ಆ ಕೋಣೆಯೊಳಗೆ ಹೋದೆ. ಅದೇ ಕಟ್ಟೆ, ಅದೇ ಅಂಚು, ಕಾಲಡಿಗೆ ಅದೇ ಮಾವಿನ ಪೆಟ್ಟಿಗೆ. ಕುರ್ಚಿಯಲ್ಲಿ ಹೊಸ ವೈದ್ಯರು, ನನ್ನ ವಯಸ್ಸಿನವರು. ಗಾಜಿಗೆ ಹಾಕಿದ ಭಾವಚಿತ್ರದ ರಟ್ಟಿನ ಬೆನ್ನು ಮಾತ್ರ ಒಳಗಿನಿಂದ ಕಾಣುತ್ತಿತ್ತು. ಬಿಸಿಲು ಪರದೆಗೆ ಬಂದಿತ್ತು. ಅದರ ನಡುವೆ ಆ ಚಿತ್ರದ ನೆರಳು ಅಂಗೈಯಷ್ಟು ಅಗಲಕ್ಕೆ ಬಿದ್ದಿತ್ತು.

“ಫೋಟೋ ಹಾಕಿದ್ದು ಒಳ್ಳೇದಾಯ್ತು ನೋಡಿ,” ಎಂದರು ಹೊಸ ವೈದ್ಯರು, ಯಾವ ವ್ಯಂಗ್ಯವೂ ಇಲ್ಲದೆ. “ಅಷ್ಟು ಜಾಗ ಆದ್ರೂ ಕಾಣತ್ತೆ. ಮಿಕ್ಕಿದ್ದಕ್ಕೆ ಫ್ಲಿಪ್ ಮಾಡ್ಕೊಂತೀನಿ.”

ಮುಳಬಾಗಿಲಿನಿಂದ ಬಂದ ಒಂದು ಎದೆಯ ಚಿತ್ರ ಅವರೆದುರು ತೆರೆದಿತ್ತು. ಮೌಸ್ ಕ್ಲಿಕ್ ಎಂದಿತು. ಚಿತ್ರ ಎಡಬಲ ಬದಲಾಯಿತು. ಮತ್ತೆ ಕ್ಲಿಕ್. ಮತ್ತೆ ಒಮ್ಮೆ. ನಾನು ಅವರ ಕೈಗಳನ್ನು ನೋಡಿದೆ. ಈಗ ಯಾರು ಗಡಿಯಾರ ಕಟ್ಟುತ್ತಾರೆ? ಎರಡೂ ಮಣಿಕಟ್ಟು ಬರಿದಾಗಿದ್ದವು.

“ಡಾಕ್ಟ್ರೇ, ಈಗ ಇದು ನೇರಕ್ಕಿದೆಯೋ, ತಿರುವಿದ್ದೋ?”

ಅವರು ಉತ್ತರಿಸಲು ಬಾಯಿ ತೆರೆದರು. ತೆರೆದಂತೆಯೇ ನಿಂತಿತು. ಆಮೇಲೆ ಮುಂದಕ್ಕೆ ಬಾಗಿ, ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ಬಿಸಿಲು ತುಂಬಿದ ಆ ಮೂಲೆಯಲ್ಲಿ ಸೀಸದ ಗುರುತಿಗಾಗಿ ಹುಡುಕತೊಡಗಿದರು.

“ಒಂದ್ನಿಮಿಷ ಇರಿ,” ಎಂದರು.